ಹಳೆಯ ಮಾನಿಟರಿಗೆ ಪ್ಲೇಸ್ಟೇಷನ್ ಜೋಡಿಸಿದ ನನ್ನ ಅನುಭವ

ನಮ್ಮ ಮನೆಯ ಹಾಲಿನಲ್ಲಿರುವ ಟಿವಿ ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಅಮ್ಮನ ಧಾರಾವಾಹಿಗಳಿಗೆ ಮೀಸಲು. ಕೆಲಸ ಮುಗಿಸಿ ಬರುವ ನನಗೂ, ಓದು ಮುಗಿಸಿ ಏಳುವ ಅಕ್ಕನ ಮಗನಿಗೂ ಆಟಕ್ಕೆ ಸಿಗುವ ಬಿಡುವು ಅದೇ ಹೊತ್ತಿನದು. ಆದ್ದರಿಂದ ನಮ್ಮ ಪ್ಲೇಸ್ಟೇಷನ್ 4 ಸ್ಲಿಮ್ ಕನ್ಸೋಲನ್ನು, ಅಂದರೆ ಪರದೆಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಯಂತ್ರವನ್ನು, ನನ್ನ ಕೋಣೆಯ ಮೇಜಿನ ಮೇಲಿದ್ದ ಕಂಪ್ಯೂಟರ್ ಮಾನಿಟರಿಗೆ ಜೋಡಿಸಲು ತೀರ್ಮಾನಿಸಿದೆ. ಟಿವಿಗೆ ಕನ್ಸೋಲ್ ಜೋಡಿಸುವಾಗ ಚಿತ್ರ, ಧ್ವನಿ, ಚಿತ್ರ ತೋರಿಸಲು ಬೇಕಾದ ಅನುಮತಿ ಮೂರೂ ಒಂದೇ ಕೇಬಲ್ಲಿನಲ್ಲಿ ಸದ್ದಿಲ್ಲದೆ ಸಾಗುವುದರಿಂದ ಅವು ಬೇರೆ ಬೇರೆ ಎಂಬುದೇ ನಮಗೆ ತಿಳಿಯುವುದಿಲ್ಲ. ಹಳೆಯ ಮಾನಿಟರಿನಲ್ಲಿ ಈ ಮೂರನ್ನೂ ಒಂದೊಂದಾಗಿ ಹೊಂದಿಸಬೇಕಾಯಿತು.

ಆ ಮಾನಿಟರ್ 24 ಇಂಚಿನದು; ಕಚೇರಿಯೊಂದು ತನ್ನ ಹಳೆಯ ಸಾಮಾನುಗಳನ್ನು ಮಾರಿದಾಗ ನಾನು ಕೊಂಡದ್ದು. ಅದರ ಹಿಂಬದಿಯಲ್ಲಿ ಇದ್ದದ್ದು ಎರಡೇ ಸಾಕೆಟ್‌ಗಳು: ನೀಲಿ ಬಣ್ಣದ, 15 ರಂಧ್ರಗಳ ವಿಜಿಎ ಒಂದು, ಬಿಳಿಯ ಡಿವಿಐ ಇನ್ನೊಂದು. ಕನ್ಸೋಲಿನಲ್ಲಿ ಚಿತ್ರ ಹೊರಬರುವುದು ಈಗಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಎಂಬ ಸಾಕೆಟ್ ಒಂದರಿಂದಲೇ. ಕೇಬಲ್ ಕೊಳ್ಳಲು ಹೊರಡುವ ಮುನ್ನ ಮಾನಿಟರನ್ನು ತಿರುಗಿಸಿ, ಟಾರ್ಚ್ ಹಿಡಿದು ಆ ಸಾಕೆಟ್‌ಗಳ ಫೋಟೊ ತೆಗೆದುಕೊಂಡೆ. ಅಂಗಡಿಯಲ್ಲಿ ಬಾಯಿಮಾತಿನಲ್ಲಿ ವಿವರಿಸುವುದಕ್ಕಿಂತ ಫೋಟೊ ತೋರಿಸುವುದು ಎಷ್ಟೋ ಸುಲಭ.

ಎರಡರಲ್ಲಿ ಡಿವಿಐಯನ್ನೇ ಆರಿಸಿಕೊಳ್ಳಲು ಕಾರಣವಿತ್ತು. ವಿಜಿಎ 1987ರಷ್ಟು ಹಿಂದಿನದು, ಅದರಲ್ಲಿ ಹರಿಯುವುದು ಅನಲಾಗ್ ಸಂಕೇತ. ಎಚ್‌ಡಿಎಂಐಯ ಡಿಜಿಟಲ್ ಸಂಕೇತವನ್ನು ಅದಕ್ಕೆ ಕೊಡಬೇಕಾದರೆ ನಡುವೆ ಪರಿವರ್ತಿಸುವ ಚಿಪ್ ಇರುವ ಅಡಾಪ್ಟರ್ ಬೇಕು, ಹಲವು ಬಾರಿ ಆ ಅಡಾಪ್ಟರಿಗೆ ಯುಎಸ್‌ಬಿಯಿಂದ ಪ್ರತ್ಯೇಕ ವಿದ್ಯುತ್ತೂ ಬೇಕು. ಡಿವಿಐಯ ವಿಷಯ ಹಾಗಲ್ಲ. 1999ರಲ್ಲಿ ಡಿವಿಐ ಬಂತು. 2002ರಲ್ಲಿ ಎಚ್‌ಡಿಎಂಐಯನ್ನು ರೂಪಿಸಿದಾಗ ಚಿತ್ರವನ್ನು ಸಾಗಿಸುವ ವಿಧಾನವನ್ನು ಅದರಿಂದಲೇ ತೆಗೆದುಕೊಂಡರು. ಹಾಗಾಗಿ ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಡಿವಿಐ ಇರುವ ಸಾದಾ ಕೇಬಲ್ ಸಾಕು, ನಡುವೆ ಯಾವ ಚಿಪ್ಪೂ ಬೇಕಿಲ್ಲ. 1080ಪಿ (1920ಕ್ಕೆ 1080 ಚುಕ್ಕಿಗಳ) ಚಿತ್ರವನ್ನು ಸೆಕೆಂಡಿಗೆ 60 ಬಾರಿ ಕಳುಹಿಸಲು 148.5 ಮೆಗಾಹರ್ಟ್ಸ್ ವೇಗ ಸಾಕು. ಡಿವಿಐಯ ಸಾದಾ ಬಗೆಯಾದ ಸಿಂಗಲ್ ಲಿಂಕ್‌ನ ಮಿತಿಯೇ 165 ಮೆಗಾಹರ್ಟ್ಸ್, ಹಾಗಾಗಿ ಅದು ಧಾರಾಳ. ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯಲ್ಲಿ ಅಂಥ ಕೇಬಲ್ ತಂದೆ.

ಜೋಡಿಸಿ ಕನ್ಸೋಲ್ ಹಚ್ಚಿದಾಗ ಅದರ ದೀಪ ಬೆಳಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮಾನಿಟರಿನ ಬಟನ್ ಒತ್ತಿ ಇನ್‌ಪುಟ್ ಡಿವಿಐಗೆ ಬದಲಿಸಿದರೂ ಅಷ್ಟೇ. ಆಗ ಕೇಬಲ್ಲೇ ಕೆಟ್ಟದ್ದೆಂದು ಅಂಗಡಿಗೆ ಹಿಂತಿರುಗಿಸುವ ಯೋಚನೆ ಬಂದದ್ದು ನಿಜ. ಆದರೂ ಒಂದೊಂದನ್ನೇ ಪರೀಕ್ಷಿಸೋಣವೆಂದು ಅದೇ ಕೇಬಲ್ಲನ್ನು ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಸಿಕ್ಕಿಸಿದೆ. ಚಿತ್ರ ಸ್ಪಷ್ಟವಾಗಿ ಮೂಡಿತು. ಅಂದರೆ ಕೇಬಲ್ಲೂ ಸರಿ, ಮಾನಿಟರೂ ಸರಿ. ಕನ್ಸೋಲನ್ನು ಟಿವಿಗೆ ಹಾಕಿದರೆ ಅದೂ ಸರಿ. ಮೂರೂ ಸರಿಯಿದ್ದು, ಎರಡು ನಿರ್ದಿಷ್ಟ ಸಾಧನಗಳು ಮುಖಾಮುಖಿಯಾದಾಗ ಮಾತ್ರ ಚಿತ್ರ ಬರುತ್ತಿಲ್ಲವೆಂದರೆ, ಅವೆರಡರ ನಡುವಿನ ಒಪ್ಪಂದದಲ್ಲೇ ಏನೋ ತಪ್ಪಿದೆ ಎಂದರ್ಥ.

ಆ ಒಪ್ಪಂದದ ಹೆಸರು ಎಚ್‌ಡಿಸಿಪಿ. ಸಿನಿಮಾ ಮುಂತಾದವುಗಳನ್ನು ಕೇಬಲ್ಲಿನ ದಾರಿಯಲ್ಲಿ ಯಾರೂ ನಕಲು ಮಾಡಬಾರದೆಂದು ಇಂಟೆಲ್ ರೂಪಿಸಿದ ವ್ಯವಸ್ಥೆ ಇದು. ಚಿತ್ರ ಕಳುಹಿಸುವ ಯಂತ್ರವು ಮೊದಲು ಪರದೆಯ ಬಳಿ ಸರಿಯಾದ ಕೀಲಿಗಳಿವೆಯೇ ಎಂದು ವಿಚಾರಿಸುತ್ತದೆ. ಉತ್ತರ ಬಾರದಿದ್ದರೆ ಚಿತ್ರ ಕೊಡುವುದಿಲ್ಲ. ಕಚೇರಿ ಕೆಲಸಕ್ಕೆಂದು ತಯಾರಾದ ಹಳೆಯ ಡಿವಿಐ ಮಾನಿಟರುಗಳಲ್ಲಿ ಹಲವಕ್ಕೆ ಈ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯವೇ ಇಲ್ಲ. ಲ್ಯಾಪ್‌ಟಾಪ್ ತನ್ನ ಡೆಸ್ಕ್‌ಟಾಪ್ ತೋರಿಸಲು ಈ ವಿಚಾರಣೆಗೆ ಹೋಗದಿರುವುದರಿಂದಲೇ ಅಲ್ಲಿ ಚಿತ್ರ ಬಂದಿತ್ತು.

ಪ್ಲೇಸ್ಟೇಷನ್ 4ರಲ್ಲಿ ಆಟಗಳ ಮಟ್ಟಿಗೆ ಇದನ್ನು ನಿಲ್ಲಿಸಲು ಅವಕಾಶವಿದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಎಂಬುದನ್ನು ತೆರೆದರೆ 'ಎನೇಬಲ್ ಎಚ್‌ಡಿಸಿಪಿ' ಎಂಬ ಸಾಲಿನ ಮುಂದೆ ಗುರುತು ಇರುತ್ತದೆ, ಅದನ್ನು ತೆಗೆಯಬೇಕು. ತೊಡಕೆಂದರೆ, ಚಿತ್ರವೇ ಬಾರದ ಪರದೆಯಲ್ಲಿ ಈ ಗುರುತು ತೆಗೆಯುವುದು ಸಾಧ್ಯವಿಲ್ಲ. ಆದ್ದರಿಂದ ಧಾರಾವಾಹಿಯ ನಡುವೆ ಜಾಹೀರಾತು ಬರುವವರೆಗೆ ಕಾದು, ಅಮ್ಮನ ಒಪ್ಪಿಗೆ ಪಡೆದು, ಕನ್ಸೋಲನ್ನು ಟಿವಿಗೆ ಜೋಡಿಸಿ, ಗುರುತು ತೆಗೆದು ಕೋಣೆಗೆ ತಂದೆ. ಈ ಬಾರಿ ಮಾನಿಟರಿನಲ್ಲಿ ಚಿತ್ರ ಮೂಡಿತು. ಕಪ್ಪು ಪರದೆ ಕಂಡ ಕೂಡಲೇ ಹೊಸ ಕೇಬಲ್ಲಿಗೆ ಹಣ ಸುರಿಯುವ ಮೊದಲು ಈ ಒಂದು ಗುರುತನ್ನು ಪರೀಕ್ಷಿಸಿರೆಂದು ನಾನು ಒತ್ತಿ ಹೇಳುತ್ತೇನೆ.

"ಮಾಮ, ಚೆಂಡು ಕೋಳಿಮೊಟ್ಟೆ ಥರ ಕಾಣ್ತಿದೆ" ಎಂದು ಅಕ್ಕನ ಮಗ ಹೇಳಿದಾಗ ನಾನು ಇನ್ನೊಂದು ಸಂಗತಿ ಗಮನಿಸಿದೆ. ಕ್ರಿಕೆಟ್ ಆಟದ ಆಟಗಾರರೆಲ್ಲ ತುಸು ಉದ್ದವಾಗಿದ್ದರು. ನಮ್ಮ ಮಾನಿಟರಿನದು 1920ಕ್ಕೆ 1200 ಚುಕ್ಕಿಗಳ ಪರದೆ, ಕನ್ಸೋಲ್ ಕಳುಹಿಸುವುದು 1920ಕ್ಕೆ 1080ರ ಚಿತ್ರ. ಪರದೆ ಅದನ್ನು ಮೇಲೆ ಕೆಳಗೆ ಶೇ. 11ರಷ್ಟು ಹಿಗ್ಗಿಸಿ ತುಂಬಿಸಿಕೊಂಡಿತ್ತು. ಮಾನಿಟರಿನ ಮೆನುವಿನಲ್ಲಿ 'ಆಸ್ಪೆಕ್ಟ್' ಎಂದು ಆರಿಸಿದ ಮೇಲೆ ಮೇಲೂ ಕೆಳಗೂ 60 ಸಾಲುಗಳಷ್ಟು ಕಪ್ಪು ಪಟ್ಟಿ ಉಳಿದು ಚೆಂಡು ದುಂಡಗಾಯಿತು.

ಉಳಿದದ್ದು ಧ್ವನಿ. ಡಿವಿಐ ಮೂಲಕ ಜೋಡಿಸಿದಾಗ ಕನ್ಸೋಲ್ ಚಿತ್ರವನ್ನಷ್ಟೇ ಕೊಡುತ್ತದೆ. ನಮ್ಮ ಮಾನಿಟರಿನಲ್ಲಿ ಸ್ಪೀಕರೂ ಇಲ್ಲ. 2013ರ ಮೊದಲ ಪ್ಲೇಸ್ಟೇಷನ್ 4ರ ಹಿಂಬದಿಯಲ್ಲಿ ಧ್ವನಿಗೆಂದೇ ಆಪ್ಟಿಕಲ್ (ಬೆಳಕಿನ ಮೂಲಕ ಧ್ವನಿ ಕಳುಹಿಸುವ) ಸಾಕೆಟ್ ಇತ್ತು, 2016ರ ಸ್ಲಿಮ್‌ನಲ್ಲಿ ಅದನ್ನು ತೆಗೆದಿದ್ದಾರೆ. ಹಾಗಾಗಿ ಮೊದಲು ಕಂಟ್ರೋಲರಿನ ಕೆಳಗಿರುವ 3.5 ಮಿ.ಮೀ. ರಂಧ್ರಕ್ಕೆ ಹೆಡ್‌ಫೋನ್ ಸಿಕ್ಕಿಸಿದೆ. ಆರಂಭದಲ್ಲಿ ಏನೂ ಕೇಳಿಸಲಿಲ್ಲ, ಏಕೆಂದರೆ ನಮ್ಮ ಕನ್ಸೋಲಿನಲ್ಲಿ ಹೆಡ್‌ಫೋನಿಗೆ ಆಟಗಾರರ ಮಾತುಕತೆಯನ್ನಷ್ಟೇ ಕಳುಹಿಸುವಂತೆ ಹೊಂದಿಸಲಾಗಿತ್ತು. ಸೆಟ್ಟಿಂಗ್ಸ್‌ನ ಡಿವೈಸಸ್‌ನಲ್ಲಿ ಆಡಿಯೊ ಡಿವೈಸಸ್ ತೆರೆದು, 'ಔಟ್‌ಪುಟ್ ಟು ಹೆಡ್‌ಫೋನ್ಸ್' ಎಂಬಲ್ಲಿ 'ಆಲ್ ಆಡಿಯೊ' ಎಂದು ಬದಲಿಸಿದ ಮೇಲೆ ಪೂರ್ತಿ ಧ್ವನಿ ಬಂತು. ಇಬ್ಬರು ಕೂಡಿ ಆಡುವಾಗ ಒಬ್ಬರ ಕಿವಿಗೆ ಮಾತ್ರ ಕೇಳಿಸಿದರೆ ಸಾಲದು. ಅದಕ್ಕಾಗಿ ಕನ್ಸೋಲಿನ ಮುಂಭಾಗದ ಯುಎಸ್‌ಬಿಗೆ ಬೆರಳುದ್ದದ ಸೌಂಡ್ ಅಡಾಪ್ಟರ್ ಹಾಕಿ, ಕಂಪ್ಯೂಟರಿನ ಸ್ಪೀಕರುಗಳನ್ನೇ ಅದಕ್ಕೆ ಜೋಡಿಸಿದೆ. ಕನ್ಸೋಲ್ ಅದನ್ನು ಹೆಡ್‌ಸೆಟ್ ಎಂದೇ ಗುರುತಿಸಿ ಧ್ವನಿ ಕೊಡುತ್ತದೆ.

ಮೇಜಿಗೆ ಬಂದದ್ದರಿಂದ ಆದ ದೊಡ್ಡ ಲಾಭ ಬ್ಯಾಟು ಬೀಸುವ ಹೊತ್ತಿನದು. ಸೆಕೆಂಡಿಗೆ 60 ಚಿತ್ರಗಳೆಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡು. ಟಿವಿಗಳು ಚಿತ್ರವನ್ನು ಚಂದಗೊಳಿಸಲು ಇಂಥ ಹಲವು ಚಿತ್ರಗಳಷ್ಟು ಹೊತ್ತು ತೆಗೆದುಕೊಳ್ಳುವುದುಂಟು, ಆ ತಡ ಕಡಿಮೆ ಮಾಡಲೆಂದೇ ಅವುಗಳಲ್ಲಿ ಗೇಮ್ ಮೋಡ್ ಇರುವುದು. ಆ ಸೌಲಭ್ಯವಿಲ್ಲದ ನಮ್ಮ ಟಿವಿಯಲ್ಲಿ ಬಟನ್ ಒತ್ತಿದ ಮೇಲೆ ಬ್ಯಾಟು ತಡವಾಗಿ ಬೀಸುತ್ತಿತ್ತು. ಮಾನಿಟರಿನಲ್ಲಿ ಆ ತಡ ನಮಗಿಬ್ಬರಿಗೂ ಕಾಣುತ್ತಿಲ್ಲ. ಜೊತೆಗೆ ಮೇಜಿನ ಕೆಳಗೆ ಕಂಪ್ಯೂಟರಿನ ಯುಪಿಎಸ್ ಇರುವುದರಿಂದ ಕನ್ಸೋಲಿನ ವೈರನ್ನೂ ಅದಕ್ಕೇ ಕೊಟ್ಟೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಆಟವನ್ನು ಉಳಿಸಿ, ಕನ್ಸೋಲನ್ನು ಕ್ರಮವಾಗಿ ಆರಿಸಲು ಅಷ್ಟು ಹೊತ್ತು ಸಾಕು.

ಇದನ್ನು ನೋಡಿ ತನ್ನ ಮನೆಯಲ್ಲೂ ಜೋಡಿಸಲು ಹೊರಟ ಗೆಳೆಯನ ಮಾನಿಟರಿನಲ್ಲಿ ಡಿಸ್‌ಪ್ಲೇ ಪೋರ್ಟ್ ಎಂಬ ಬೇರೊಂದು ಬಗೆಯ ಸಾಕೆಟ್ ಒಂದೇ ಇತ್ತು. ಅವನು ತಂದ, ಒಂದೆಡೆ ಡಿಸ್‌ಪ್ಲೇ ಪೋರ್ಟ್, ಇನ್ನೊಂದೆಡೆ ಎಚ್‌ಡಿಎಂಐ ಇದ್ದ ಕೇಬಲ್ ಕೆಲಸ ಮಾಡಲಿಲ್ಲ. ಅಂಥ ಸಾದಾ ಕೇಬಲ್ಲುಗಳು ಕಂಪ್ಯೂಟರಿನ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐ ಪರದೆಯ ಕಡೆಗೆ ಮಾತ್ರ ಚಿತ್ರ ಒಯ್ಯುತ್ತವೆ. ತಿರುಗುಮುರುಗಾಗಿ ಹೋಗಬೇಕಾದರೆ ವಿದ್ಯುತ್ ಬೇಡುವ ಆ್ಯಕ್ಟಿವ್ ಪರಿವರ್ತಕವೇ ಬೇಕು. ಅದರ ಬೆಲೆ ಕೇಳಿ ಅವನು ಎಚ್‌ಡಿಎಂಐ ಇರುವ ಮಾನಿಟರನ್ನೇ ಕೊಂಡ. ಅದರಲ್ಲಿ ಚಿತ್ರವೇನೋ ಒಡನೆ ಬಂತು, ಕಪ್ಪು ಮಾತ್ರ ಬೂದಿಯಂತೆ ಮಂಕಾಗಿತ್ತು. ಟಿವಿಯ ರೂಢಿಯಂತೆ ಕನ್ಸೋಲ್ 16ರಿಂದ 235ರವರೆಗಿನ ಮಟ್ಟಗಳಲ್ಲಿ ಬಣ್ಣ ಕಳುಹಿಸುತ್ತಿತ್ತು, ಮಾನಿಟರ್ 0ಯಿಂದ 255ರವರೆಗೆ ನಿರೀಕ್ಷಿಸುತ್ತಿತ್ತು; ಅದಕ್ಕೆ 0 ಎಂದರೆ ಕಪ್ಪು, 16 ಎಂದರೆ ಬೂದು. ವಿಡಿಯೊ ಔಟ್‌ಪುಟ್ ಸೆಟ್ಟಿಂಗ್ಸ್‌ನಲ್ಲಿ 'ಆರ್‌ಜಿಬಿ ರೇಂಜ್' ಎಂಬುದನ್ನು 'ಫುಲ್' ಮಾಡಿದ ಮೇಲೆ ಕತ್ತಲು ಕತ್ತಲಾಗಿಯೇ ಕಂಡಿತು.

ನಮ್ಮ ಮನೆಯಲ್ಲಿ ಒಂದು ಮಿತಿ ಉಳಿದಿದೆ. ಎಚ್‌ಡಿಸಿಪಿ ನಿಲ್ಲಿಸಿರುವಾಗ ಕನ್ಸೋಲಿನಲ್ಲಿ ಬ್ಲೂ-ರೇ ಡಿಸ್ಕಿನ ಸಿನಿಮಾಗಳು ಓಡುವುದಿಲ್ಲ. ಭಾನುವಾರ ಎಲ್ಲರೂ ಕೂಡಿ ಸಿನಿಮಾ ನೋಡುವಾಗ ಕನ್ಸೋಲನ್ನು ಹಾಲಿನ ಟಿವಿಗೆ ಹಾಕಿ ಆ ಗುರುತನ್ನು ಮತ್ತೆ ಇಡುತ್ತೇವೆ. ಸಿನಿಮಾ ಮುಗಿದು ಟಿವಿಯಿಂದ ಕೇಬಲ್ ಕೀಳುವ ಮುನ್ನ ಅದನ್ನು ತೆಗೆಯುವ ಜವಾಬ್ದಾರಿ ಈಗ ಅಕ್ಕನ ಮಗನದು.