ಜಿರೊಕಾಸ್ಟರ್‌ನ ಕಲ್ಲಿನ ಮನೆಗಳನ್ನು ನೋಡುವುದು ಹೇಗೆ

ದಕ್ಷಿಣ ಅಲ್ಬೇನಿಯಾಕ್ಕೆ ಹೋದವರು ಸಾಮಾನ್ಯವಾಗಿ ಸರಾಂಡಾದ ಕಡಲತೀರದಲ್ಲಿ ರೂಮು ಮಾಡಿ, ಜಿರೊಕಾಸ್ಟರ್‌ಗೆ ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ರಾತ್ರಿಯಾದರೂ ಹಳೇ ಊರಲ್ಲೇ ಉಳಿಯಿರಿ.

ಬಸ್ಸು ಇಳಿಸುವುದು ಬೆಟ್ಟದ ಬುಡದ ಹೊಸ ಊರಲ್ಲಿ. ಅಲ್ಲಿಂದ ಪೂರ್ತಿ ಏರು. ಚಕ್ರದ ಸೂಟ್‌ಕೇಸ್ ಇದ್ದರೆ ಟ್ಯಾಕ್ಸಿ ಹಿಡಿಯಿರಿ, ಯಾಕೆಂದರೆ ಮೇಲಿನ ಬೀದಿಗಳಿಗೆಲ್ಲ ಕಲ್ಲು ಹಾಸಿದೆ, ಸವೆದು ನುಣುಪಾಗಿದೆ, ಮಳೆ ಬಂದರಂತೂ ಕಾಲು ನಿಲ್ಲುವುದಿಲ್ಲ. ಒಳ್ಳೇ ಹಿಡಿತದ ಶೂ ಬೇಕೇ ಬೇಕು. ಜೇಬಲ್ಲಿ ಅಲ್ಬೇನಿಯಾದ ಹಣವಾದ ಲೆಕ್ ನೋಟು ಸ್ವಲ್ಪ ಇಟ್ಟುಕೊಳ್ಳಿ.

ಮೊದಲು ಕೋಟೆ ಹತ್ತಿ. ಮೇಲಿಂದ ನೋಡಿದಾಗಲೇ ಈ ಊರು ಅರ್ಥವಾಗುವುದು: ಮಾಡಿಗೆ ಹಂಚಿಲ್ಲ, ಬೂದು ಬಣ್ಣದ ಚಪ್ಪಡಿ ಕಲ್ಲು, ಇಡೀ ಇಳಿಜಾರಿನ ತುಂಬ. ಯುನೆಸ್ಕೊ 2005ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆಮೇಲೆ ಝೆಕಾಟೆ ಮನೆ. 1811-12ರಲ್ಲಿ ಕಟ್ಟಿದ್ದು, ಅಕ್ಕಪಕ್ಕ ಎರಡು ಗೋಪುರಗಳಿರುವ ಎತ್ತರದ ಮನೆ. ಎಲ್ಲರೂ ನೇರ ಮೇಲಿನ ಮಹಡಿಗೆ ಓಡುತ್ತಾರೆ, ಅಲ್ಲಿ ಬಣ್ಣದ ಚಿತ್ತಾರದ ಗೋಡೆ, ಒಲೆಗೂಡು, ಕಣಿವೆ ಕಾಣುವ ಮರದ ಜಗಲಿ ಇದೆ ಅಂತ. ನೀವು ಕೆಳಗಿಂದ ಶುರು ಮಾಡಿ. ಕೆಳಗೆ ಗೋಡೆ ದಪ್ಪ, ಕಿಟಕಿ ಕಿರಿದು, ಯಾಕೆಂದರೆ ಇವು ಮನೆಯೂ ಹೌದು, ಸಣ್ಣ ಕೋಟೆಯೂ ಹೌದು. ಮೇಲೆ ಹೋದಂತೆ ಕಿಟಕಿ ಹೆಚ್ಚುತ್ತವೆ, ಬೆಳಕು ಜಾಸ್ತಿಯಾಗುತ್ತದೆ. ಇಂಥ ಮನೆಗಳಲ್ಲಿ ಚಳಿಗಾಲಕ್ಕೆ ಒಂದು ಮಹಡಿ, ಬೇಸಿಗೆಗೆ ಅದರ ಮೇಲಿನದು. ಮಾಡಿನ ಮಳೆನೀರು ಕೆಳಗಿನ ತೊಟ್ಟಿಗೆ ಇಳಿಯುತ್ತಿತ್ತು. ಇದನ್ನೆಲ್ಲ ನೋಡದೆ ಬರೀ ಫೋಟೊ ತೆಗೆದುಕೊಂಡು ಬಂದರೆ ಏನು ನೋಡಿದ ಹಾಗಾಯ್ತು, ಅಲ್ವಾ?

ಸಮಯವಿದ್ದರೆ ಇಂಥದೇ ಇನ್ನೊಂದು ಹಳೇ ಮನೆಯಾದ ಸ್ಕೆಂಡುಲಿ ಮನೆಯನ್ನೂ ನೋಡಿ. ಇದಲ್ಲದೆ ಊರಲ್ಲಿ ಜನಪದ ವಸ್ತುಸಂಗ್ರಹಾಲಯವೂ ಇದೆ; ಅಲ್ಬೇನಿಯಾವನ್ನು ದಶಕಗಳ ಕಾಲ ಆಳಿದ ಕಮ್ಯುನಿಸ್ಟ್ ನಾಯಕ ಎನ್ವರ್ ಹೊಜಾ 1908ರಲ್ಲಿ ಹುಟ್ಟಿದ್ದು ಆ ಜಾಗದಲ್ಲೇ. ಆದರೆ ಅಲ್ಲಿದ್ದ ಹಳೇ ಮನೆ ಸುಟ್ಟುಹೋಗಿ, ಈಗಿರುವುದು 1960ರ ದಶಕದಲ್ಲಿ ಮತ್ತೆ ಕಟ್ಟಿದ್ದು. ಹಾಗಾಗಿ ಒಂದೇ ಮನೆಗೆ ಸಮಯವಿದ್ದರೆ ಝೆಕಾಟೆಯನ್ನೇ ಆರಿಸಿಕೊಳ್ಳಿ.

ಸಂಜೆ ಬಜಾರಿನಲ್ಲಿ ಸುಮ್ನೆ ಅಡ್ಡಾಡಿ. ಅನ್ನ, ಮೊಟ್ಟೆ, ಪುದೀನ ಕಲಸಿ ಉಂಡೆ ಕಟ್ಟಿ ಕರಿದ ಚಿಫ್ಚಿ ಈ ಊರಿನದೇ ತಿಂಡಿ, ತಿನ್ನದೆ ಬರಬೇಡಿ. ಮರುದಿನ ಸರಾಂಡಾ ಕಡೆಗೆ ಹೊರಟರೆ ದಾರಿಯಲ್ಲೇ 'ನೀಲಿ ಕಣ್ಣು' ಎಂಬ ಬುಗ್ಗೆ ಸಿಗುತ್ತದೆ, ಅಲ್ಲಿ ಇಳಿದುಕೊಳ್ಳಬಹುದು.