ಹಟ್ಟಿಯಲ್ಲಿ ಉಳಿದು ಮೊಳಕಾಲ್ಮೂರು ಸುತ್ತುವುದು ಹೇಗೆ?

ಮಟಮಟ ಮಧ್ಯಾಹ್ನ ದುರ್ಗದ ಕೋಟೆ ಹತ್ತಿ, ಅದೇ ಬಿಸಿಲಲ್ಲಿ ಮೊಳಕಾಲ್ಮೂರಿನ ಕಡೆ ಓಡಿ, ಅಶೋಕನ ಶಾಸನದ ಮುಂದೆ ಎರಡು ನಿಮಿಷ ನಿಂತು "ಏನೂ ಇಲ್ಲ ಕಣೋ, ಬರೀ ಬಂಡೆ" ಅಂದು ಹೋಗುವವರನ್ನು ಬಹಳ ನೋಡಿದ್ದೇನೆ. ಇಲ್ಲಿನ ಹಟ್ಟಿಯಲ್ಲಿ, ಅಂದರೆ ಸಣ್ಣ ಊರಲ್ಲಿ, ಎರಡು ರಾತ್ರಿ ಉಳಿಯಬೇಕು.

ಮೊದಲು ಕಾಲ: ನವೆಂಬರ್‌ನಿಂದ ಫೆಬ್ರುವರಿ. ವಾಹನ: ಬೈಕ್ ಸಾಕು. ಮೊಬೈಲ್ ಮ್ಯಾಪ್ ಪೂರ್ತಿ ನಂಬಬೇಡಿ, ನನ್ನನ್ನು ಅದು ಶೇಂಗಾ ಹೊಲಕ್ಕೆ ಇಳಿಸಿತ್ತು.

ಎಡವುವುದೆಲ್ಲ ಉಳಿಯುವ ಜಾಗ ಹುಡುಕುವಾಗ. ಬೆಳಗ್ಗೆಯೇ ಊರು ಸೇರಿ. ಕತ್ತಲಾದ ಮೇಲೆ ಚೀಲ ಹೊತ್ತು ನಿಂತರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ? ಟೀ ಅಂಗಡಿಯಲ್ಲಿ ಕೂತು, ಕುಡಿದು, ಆಮೇಲೆ ಬಾಯಿ ಬಿಡಿ. ಯಾವ ಊರು, ಎಷ್ಟು ಜನ, ಎಷ್ಟು ದಿನ, ಇಷ್ಟು ಹೇಳಿ. "ರೂಮ್ ಇದೆಯಾ" ಅಂದರೆ ಇಲ್ಲ ಅಂತಾರೆ. "ಮಲಗೋಕೆ ಜಾಗ ಸಿಗುತ್ತಾ ಅಣ್ಣ" ಅನ್ನಿ, ಯಾರದೋ ಪಡಸಾಲೆ, ಮಾಳಿಗೆ ನೆನಪಾಗುತ್ತೆ. ಶೌಚಾಲಯ ಇದೆಯಾ, ನಲ್ಲಿ ನೀರು ಯಾವಾಗ ಬಿಡ್ತಾರೆ, ಆಗಲೇ ಕೇಳಿ. ದುಡ್ಡಿನ ಮಾತೂ ಆಗಲೇ ಮುಗಿಯಲಿ. "ನಿಮಗೆ ತಿಳಿದಷ್ಟು ಕೊಡಿ" ಅಂದರೆ ಹೋಟೆಲ್ ರೇಟಿಗಿಂತ ಜಾಸ್ತಿನೇ ಕೊಡಿ, ಅದೂ ಅಡುಗೆ ಮಾಡಿದವರ ಕೈಗೆ.

ಊಟ ಕಟ್ಟಿಸಿಕೊಂಡು ಹೋಗುವ ಮುಂಚೆ ಒಂದು ಮಾತು. ಮ್ಯಾಸನಾಯಕರ, ಅಂದರೆ ದನ ಸಾಕುವ ಇಲ್ಲಿನ ನಾಯಕ ಸಮುದಾಯದವರ, ಹಟ್ಟಿಗಳಲ್ಲಿ ಕೋಳಿ ತಿನ್ನಬಾರದೆಂಬ ಹಳೆಯ ಕಟ್ಟು ಇದೆ. ಗೊತ್ತಿಲ್ಲದೆ ನಾನು ಹೈವೇಯಲ್ಲಿ ಚಿಕನ್ ಬಿರಿಯಾನಿ ಪಾರ್ಸೆಲ್ ತಗೊಂಡು ಹೋಗಿದ್ದೆ. ನಾನು ಉಳಿದುಕೊಂಡ ಮನೆಯ ಅಜ್ಜಿ ಬಾಗಿಲಲ್ಲೇ ಮೂಗಿಗೆ ಸೆರಗು ಹಿಡಿದು "ಅದೇನಪ್ಪ ತಂದಿದ್ದೀಯ?" ಅಂದರು. ಬೇಲಿಯಾಚೆ ಬೈಕ್ ಸೀಟಿನ ಮೇಲೆ ಪೊಟ್ಟಣ ಬಿಚ್ಚಿ ತಿಂದೆ.

ಮಾರನೇ ದಿನ ಬ್ರಹ್ಮಗಿರಿ, ಸಿದ್ದಾಪುರ. ಎರಡೂ ಹತ್ತಿರ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳು ಇರೋದು ಇಲ್ಲೇ. ಬೀಗ ಹಾಕಿದ್ದರೆ ಕೀ ಯಾರ ಹತ್ತಿರ ಅಂತ ನೀವು ಉಳಿದುಕೊಂಡ ಮನೆಯವರನ್ನೇ ಕೇಳಿ. ಅಕ್ಷರ ಕಾಣಲಿ ಅಂತ ಪೌಡರ್ ಉಜ್ಜುವವರಿದ್ದಾರೆ, ದಯವಿಟ್ಟು ಬೇಡ. ಬ್ರಹ್ಮಗಿರಿಯಲ್ಲಿ ಕೊನೆಯ ಸಾಲು ಹುಡುಕಿ. ಬರೆದವನು ಚಪಡ. ಇಡೀ ಶಾಸನ ಬ್ರಾಹ್ಮಿ ಲಿಪಿಯಲ್ಲಿ ಬರೆದು, ತಾನು ಲಿಪಿಕಾರ ಅನ್ನುವ ಒಂದು ಪದವನ್ನು ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದಾನೆ. ನಾನು ಅದರ ಮುಂದೆ ಅರ್ಧ ಗಂಟೆ ಕೂತಿದ್ದೆ.

ಮೂರನೇ ದಿನ ಜಟಿಂಗ ರಾಮೇಶ್ವರ ಬೆಟ್ಟ. ಜಟಾಯು ಬಿದ್ದ ಜಾಗ ಇದೇ ಅಂತಾರೆ. ಮೆಟ್ಟಿಲು ಜಾಸ್ತಿ, ಆರು ಗಂಟೆಗೇ ಹೊರಡಿ, ತಲಾ ಎರಡು ಲೀಟರ್ ನೀರು ಇರಲಿ. ಹತ್ತಕ್ಕೆ ವಾಪಸ್ ಬರ್ತೀವಿ ಅಂತ ಮನೆಯಲ್ಲಿ ಹೇಳಿಯೇ ಹೋಗಿ, ಮುದ್ದೆ ಬಿಸಿಯಾಗಿ ಸಿಗುತ್ತೆ.