ಸೌಂಡ್ ಅಂದ್ರೆ ಬರೀ ಸದ್ದಲ್ಲ, ಅದರೊಳಗಿನ ನಾಲ್ಕು ಪದ ಬಿಡಿಸೋದು ಹೇಗೆ

ಸೌಂಡಿಂಗ್ ರಾಕೆಟ್ ಅನ್ನೋ ಹೆಸರು ಮೊದಲ ಸಲ ಓದಿದಾಗ, ಹಾರುವಾಗ ಭಯಂಕರ ಸದ್ದು ಮಾಡುತ್ತಲ್ಲ ಅದಕ್ಕೇ ಹಾಗಂತಾರೆ ಅಂದ್ಕೊಂಡಿದ್ದೆ. ಸದ್ದು ಮಾಡದ ರಾಕೆಟ್ ಯಾವ್ದಿದೆ ಅಂತ ತಲೆಗೆ ಹೊಳೀಲೇ ಇಲ್ಲ ನೋಡಿ.

ಇಂಥ ಪದ ಸಿಕ್ಕಾಗ ಮೊದ್ಲು ಒಂದು ಒಳ್ಳೆ ಇಂಗ್ಲಿಷ್ ಡಿಕ್ಷನರಿ ತೆಗೀರಿ. ಎಷ್ಟೋ ಡಿಕ್ಷನರೀಲಿ ಒಂದೇ ಪದ ನಾಲ್ಕು ಸಲ ಬೇರೆಬೇರೆಯಾಗಿ ಬರುತ್ತೆ, ಪಕ್ಕದಲ್ಲಿ ಪುಟ್ಟದಾಗಿ 1, 2, 3 ಅಂತ ಇರುತ್ತೆ, ಅದು ಅರ್ಥದ ನಂಬರ್ ಅಲ್ಲ, ಮೂಲನೇ ಬೇರೆ ಅನ್ನೋ ಗುರುತು. ನಮ್ಮಲ್ಲೂ ಕರಿ ಅಂದ್ರೆ ಕಪ್ಪು, ಸಂಸ್ಕೃತದ ಕರಿ ಅಂದ್ರೆ ಆನೆ, ಆನೆ ಕಪ್ಪಗಿದೆಯಲ್ಲ ಅಂತ ಎರಡನ್ನೂ ಗಂಟು ಹಾಕಿದ್ರೆ ಕೆಟ್ಟಿತು, ಆ ಕರಿ ಬಂದಿದ್ದು ಕರ ಅಂದ್ರೆ ಕೈಯಿಂದ, ಅಂದ್ರೆ ಸೊಂಡಿಲಿಂದ.

ಈಗ ಸೌಂಡ್. ಸದ್ದು ಅನ್ನೋದು ಲ್ಯಾಟಿನ್ನಿನ ಸೋನಸ್‌ನಿಂದ ಫ್ರೆಂಚ್ ಮೂಲಕ ಬಂತು, ಕೊನೇ ಡ್ ಇಂಗ್ಲಿಷ್‌ನವ್ರ ಬಾಯಲ್ಲಿ ಆಮೇಲೆ ಅಂಟಿಕೊಂಡಿದ್ದು. ಸೇಫ್ ಅಂಡ್ ಸೌಂಡ್ ಅಂತೀವಲ್ಲ, ಅದು ಗಟ್ಟಿಮುಟ್ಟು, ಹಳೇ ಇಂಗ್ಲಿಷ್ ಪದ, ಜರ್ಮನ್ನರು ಸೀನಿದವರಿಗೆ ಗೆಸುಂಡ್‌ಹೈಟ್ ಅನ್ನೋದರಲ್ಲೂ ಅದೇ ಬೇರು. ಮೂರನೇದು ಎರಡು ದಡದ ನಡುವಿನ ಕಿರಿದಾದ ಸಮುದ್ರ, ನಾರ್ಸ್ ಅನ್ನೋ ಸ್ಕ್ಯಾಂಡಿನೇವಿಯಾದ ಹಳೇ ಭಾಷೆಯ ಸುಂಡ್, ಅದಕ್ಕೆ ಈಜು ಅನ್ನೋ ಅರ್ಥಾನೂ ಇತ್ತು, ಡೆನ್ಮಾರ್ಕ್ ಸ್ವೀಡನ್ ಮಧ್ಯದ ಓರೆಸುಂಡ್ ಹೆಸರಲ್ಲಿ ಇವತ್ತಿಗೂ ಇದೆ.

ನನಗಿಷ್ಟ ನಾಲ್ಕನೇದು. ಫ್ರೆಂಚಿನ ಸೋಂಡೆ, ಆಳ ನೋಡೋದು. ಹಡಗಿನವ್ರು ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ನೀರಿಗೆ ಬಿಡ್ತಿದ್ರು, ಗುಂಡಿನ ತಳದ ಕುಳಿಯಲ್ಲಿ ಕೊಬ್ಬು ಮೆತ್ತಿರ್ತಿತ್ತು, ಮೇಲೆಳೆದಾಗ ಅದಕ್ಕಂಟಿದ ಮರಳೋ ಕೆಸರೋ ಚಿಪ್ಪೋ ನೋಡಿ ಕೆಳಗೆ ಎಂಥ ನೆಲ ಇದೆ ಅಂತ ಗೊತ್ತು ಮಾಡ್ಕೋತಿದ್ರು. ಆಳದ ಲೆಕ್ಕ ಫ್ಯಾದಮ್ಮಲ್ಲಿ, ಒಂದಕ್ಕೆ 6 ಅಡಿ. ಸೌಂಡಿಂಗ್ ರಾಕೆಟ್ ಮಾಡೋದೂ ಇದೇ ಕೆಲಸ, ಆದ್ರೆ ತಲೆಕೆಳಗಾಗಿ, ಮೇಲಿನ ವಾತಾವರಣ ಹೇಗಿದೆ ಅಂತ ಹೋಗಿ ಅಳೆದು ಬರುತ್ತೆ. ಒಬ್ಬರ ಮನಸ್ಸಲ್ಲೇನಿದೆ ಅಂತ ಮೆಲ್ಲಗೆ ಕೆದಕಿ ನೋಡೋಕೆ ಸೌಂಡ್ ಔಟ್ ಅಂತಾರಲ್ಲ, ಅದೂ ಇದರದ್ದೇ ಪೈಕಿ.

ಓದುವಾಗ ಡೌಟ್ ಬಂದ್ರೆ ಆ ಜಾಗದಲ್ಲಿ ಸದ್ದು, ಗಟ್ಟಿ, ಜಲಸಂಧಿ, ಆಳ ನೋಡು, ನಾಲ್ಕನ್ನೂ ಇಟ್ಟು ನೋಡಿ, ಮೂರು ತಾವಾಗೇ ಬಿದ್ದೋಗುತ್ವೆ. ಪೂರ್ತಿ ನಂಬಬೇಡಿ ಮಾತ್ರ. ಸೌಂಡಿಂಗ್ ಬೋರ್ಡ್ ಅಂತ ಒಂದಿದೆ, ನಮ್ಮ ಐಡಿಯಾ ಹೇಳಿ ಪರೀಕ್ಷೆ ಮಾಡ್ಕೊಳ್ಳೋ ಮನುಷ್ಯ, ಆಳ ನೋಡೋದು ಅಂತಾನೇ ಅನ್ಸುತ್ತೆ, ಆದ್ರೆ ಅದು ಸದ್ದಿನ ಕಡೇದು, ಚರ್ಚಲ್ಲಿ ಪ್ರವಚನ ಎಲ್ರಿಗೂ ಕೇಳ್ಲಿ ಅಂತ ಪೀಠದ ಮೇಲೆ ಹಾಕ್ತಿದ್ದ ಹಲಗೆ ಅದು.

ಇನ್ನೊಂದು, ಅರ್ಥ ಬೇರೆ ಅಂದ ತಕ್ಷಣ ಮೂಲನೂ ಬೇರೆ ಅಂದ್ಕೋಬೇಡಿ. ಕ್ರೇನ್ ಕೊಕ್ಕರೆ ಥರದ ಹಕ್ಕಿನೂ ಹೌದು ಭಾರ ಎತ್ತೋ ಯಂತ್ರನೂ ಹೌದು, ಎರಡೂ ಒಂದೇ ಪದ, ಉದ್ದ ಕತ್ತು ನೋಡಿ ಯಂತ್ರಕ್ಕೆ ಹಕ್ಕಿ ಹೆಸರಿಟ್ಟಿದ್ದು.

ಕಲಿತಿದ್ದನ್ನ ಪರೀಕ್ಷೆ ಮಾಡ್ಕೋಬೇಕಾ? ದಿ ವೇಲ್ ಸೌಂಡೆಡ್. ತಿಮಿಂಗಿಲ ಕೂಗ್ತು ಅಂದ್ರಾ? ಇಲ್ಲ, ಆಳಕ್ಕೆ ಮುಳುಗ್ತು.